ಗಂಟು ನೂರಾ ಹದಿನಾಲ್ಕು

ರಾತ್ರಿ ಎಂಟೂವರೆ. ನಗರಸಭೆಯ ಮೇಲ್ಮಹಡಿಯಲ್ಲಿ
ನಾನು, ಒಂದು ಟ್ಯೂಬ್‌ಲೈಟು, ಮತ್ತು ಹಾಸನ —
ಅಂದರೆ ಹಾಸನದ ನೀಲಿ ಗೆರೆಗಳು,
ಗೆರೆ ಕೂಡುವಲ್ಲೆಲ್ಲ ಒಂದೊಂದು ಗಂಟು.
ಹದಿನೇಳನೆಯ ಸಲ ಓಡಿಸಿದೆ. ಹದಿನೇಳನೆಯ ಸಲ
ಅದೇ ಕೆಂಪಕ್ಷರ: ಗಂಟು ನೂರಾ ಹದಿನಾಲ್ಕರಲ್ಲಿ
ಒತ್ತಡ ಸೊನ್ನೆಗಿಂತ ಕೆಳಗೆ, ಇಪ್ಪತ್ಮೂರು ಮೀಟರ್.

ಸೊನ್ನೆಗಿಂತ ಕೆಳಗಿನ ನೀರು ಹೇಗಿರುತ್ತದೆ?
ನಲ್ಲಿಗೆ ಕೊಡ ಹಿಡಿದರೆ
ಕೊಡದ ನೀರನ್ನೇ ನಲ್ಲಿ ಕುಡಿದುಬಿಡುವುದೆ?

ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಬಾರದು,
ಗೊತ್ತಿತ್ತು. ಆದರೂ ಮೂರು ದಿನ ಹಾಕಿದೆ:
ಪಂಪು ದೊಡ್ಡದು ಮಾಡಿದೆ, ಟ್ಯಾಂಕು ಎತ್ತರಿಸಿದೆ,
ಹೇಮಾವತಿಯನ್ನೇ ಎರಡಡಿ ಮೇಲೆತ್ತಿದೆ, ಬೆರಳ ತುದಿಯಲ್ಲಿ.
ಕೆಂಪಕ್ಷರ ಕದಲಲಿಲ್ಲ.

ಆಮೇಲೆ ಒಂದೊಂದೇ ಪೈಪು ಹಿಡಿದು ಕೂತೆ,
ಅಕ್ಕಿಯಲ್ಲಿ ಕಲ್ಲು ಆರಿಸುವಂತೆ.
ಸಾಲಗಾಮೆ ರಸ್ತೆಯ ಆರಿಂಚಿನ ಕೊಳವೆ
ನನ್ನ ಕೈಯಲ್ಲಿ ಆರು ಮಿಲಿಮೀಟರಾಗಿತ್ತು:
ಎಳನೀರಿನ ಸ್ಟ್ರಾದಲ್ಲಿ ಒಂದಿಡೀ ಬಡಾವಣೆ ನೀರು ಹೀರುತ್ತಿತ್ತು.
ತಿದ್ದಿದೆ.
ಇನ್ನೊಂದೆಡೆ ಗೆರೆಗಳೆರಡು ಮುಟ್ಟಿದಂತೆ ಕಂಡವು;
ಹಿಗ್ಗಿಸಿ ನೋಡಿದರೆ ನಡುವೆ ಒಂದು ಗೇಣು.
ಮಾತು ಬಿಟ್ಟ ಓರಗಿತ್ತಿಯರ ಹಾಗೆ
ಒಂದೇ ಅಂಗಳ, ದಾಟದ ನೀರು.
ಕೂಡಿಸಿದೆ.
ಪೆನ್ಷನ್ ಮೊಹಲ್ಲಾದ ಒಂದು ಮೂಲೆಯ ಎತ್ತರ
೯೪೫ರ ಬದಲು ೯೫೪ ಎಂದು ಬರೆದಿದ್ದೆ —
ಎರಡಂಕಿ ಜಾಗ ಬದಲಿಸಿಕೊಂಡದ್ದಕ್ಕೆ
ಮೂರು ಬೀದಿ ರಾತ್ರೋರಾತ್ರಿ ಗುಡ್ಡ ಹತ್ತಿ ಕೂತಿದ್ದವು.
ಇಳಿಸಿದೆ, ಕೈಹಿಡಿದು, ಒಂದೊಂದಾಗಿ.

ಓಡಿಸಿದೆ. ಹಸಿರು. ಎಲ್ಲ ಹಸಿರು.
ಗಂಟು ನೂರಾ ಹದಿನಾಲ್ಕು: ಹದಿನಾಲ್ಕು ಮೀಟರ್.
ತಪ್ಪುಗಳು: ಇಲ್ಲ.
ಸಾಹೇಬರಿಗೆ ಫೋನು ಮಾಡಿದೆ, ಆಯ್ತು ಸರ್.
"ವರದಿಗೆ ಹಾಕಿ," ಅಂದರು, ಬಾಯಲ್ಲಿ ಅನ್ನವಿತ್ತು.

ಬೆಳಗ್ಗೆ ಆ ಗಂಟಿಗೆ ಹೋದೆ. ಅಲ್ಲಿ ಗಂಟಿರಲಿಲ್ಲ.
ಒಂದು ಕಿರುಗೇಟು, ಸೀಬೆ ಗಿಡ, ಸಿಮೆಂಟು ತೊಟ್ಟಿ,
ಜಯಶೀಲಮ್ಮ ಎಂಬವರು.
"ಹದಿನಾಲ್ಕಾ?" ಅಂದರು. "ನಲ್ಲಿ ಕೆಮ್ಮುತ್ತೆ ಕಣಮ್ಮ.
ಕೆಮ್ಮಿ ಕೆಮ್ಮಿ ಒಂದು ಚೊಂಬು, ಆಮೇಲೆ ಬರೀ ಉಸಿರು."

ಕೆಂಪಕ್ಷರವಾದರೂ ನನ್ನೊಡನೆ ಜಗಳಕ್ಕೆ ನಿಂತಿತ್ತು.
ಹಸಿರು, ತಲೆಯಾಡಿಸಿ, ಸುಳ್ಳು ಹೇಳಿತ್ತು.

ದಸ್ತಗೀರ್ ಸಾಹೇಬರು ಬಂದರು. ನೀರುಗಂಟಿ,
ಮೂವತ್ತೊಂದು ವರ್ಷ. ನೀರಿನ ಗಂಟು ಬಿಚ್ಚುವವರೆಂದೇ
ಆ ಹೆಸರು ಬಂತೋ ಏನೋ. ನಕಾಶೆ ನೋಡಲಿಲ್ಲ.
ಕಬ್ಬಿಣದ ಸಲಾಕೆಯನ್ನು ನೆಲಕ್ಕೂರಿ
ಇನ್ನೊಂದು ತುದಿ ಕಿವಿಗಿಟ್ಟು
ಕಣ್ಣು ಮುಚ್ಚಿದರು. ಬಸ್ಸೊಂದು ಹೋಗುವತನಕ ಕಾದರು.
ಒಂಬತ್ತು ಹೆಜ್ಜೆ ಅಳೆದು, ಡಾಂಬರಿನ ಮೇಲೆ ಸುಣ್ಣ:
"ಇಲ್ಲಿ ಅಗೀರಿ."

ಡಾಂಬರಿನಡಿ ಜಲ್ಲಿ, ಜಲ್ಲಿಯಡಿ ಇನ್ನೊಂದು ಡಾಂಬರು,
ಅದರಡಿ ತುಕ್ಕು ಹೊದ್ದು ಮಲಗಿದ ವಾಲ್ವು.
ನನ್ನ ನೀಲಿ ಹಾಸನದಲ್ಲಿ ಅದು ಹುಟ್ಟಿಯೇ ಇರಲಿಲ್ಲ.
"ಮುಚ್ಚಿದ್ದು ಯಾರು?"
"ನಾನೇ. ಹನ್ನೊಂದು ಸುತ್ತು. ಪೂರ್ತಿ ಅಲ್ಲ.
ಪೂರ್ತಿ ಬಿಟ್ಟರೆ ಮೇಲಿನ ಬೀದೀಗೆ ಹತ್ತಲ್ಲ, ಮೇಡಂ.
ಆಗ ಅಲ್ಲಿ ಒಂದು ಬಾಣಂತಿ ಮನೆ ಇತ್ತು.
ಆಮೇಲೆ ರಸ್ತೆ ಬಂತು. ರಸ್ತೆ ಮೇಲೆ ರಸ್ತೆ ಬಂತು."

ಸಂಜೆ ಕೂತೆ. ಹನ್ನೊಂದು ಸುತ್ತಿಗೆ
ನನ್ನ ಪಟ್ಟಿಯಲ್ಲಿ ಖಾನೆಯಿಲ್ಲ.
ನಷ್ಟದ ಗುಣಾಂಕ ಎಂದೊಂದಿದೆ, ಅದರಲ್ಲಿ ತುಂಬಿದೆ,
ಅಂದಾಜಿಸಿ, ಅಳೆದು, ಮತ್ತೆ ಅಂದಾಜಿಸಿ.
ಓಡಿಸಿದೆ. ಹಸಿರು ಮಾಸಿ ಹಳದಿಗೆ ತಿರುಗಿತು.
ಗಂಟು ನೂರಾ ಹದಿನಾಲ್ಕು: ಒಂದೂವರೆ ಮೀಟರ್.
ಕೆಮ್ಮಿಗೆ ಸರಿಯಾದ ಅಂಕಿ.

ವಾಲ್ವು ಹಾಗೇ ಇದೆ. ಬಿಚ್ಚಬೇಕೆ, ಬೇಡವೆ,
ಮಾದರಿ ಹೇಳುವುದಿಲ್ಲ;
ಬಿಚ್ಚಿದರೆ ಯಾರ ಕೊಡ ಎಷ್ಟು ತಡವೆಂದು ಹೇಳುತ್ತದೆ, ಅಷ್ಟೆ.
ಟಿಪ್ಪಣಿಯ ಜಾಗದಲ್ಲಿ ಬರೆದೆ:
ಹನ್ನೊಂದು ಸುತ್ತು. ಸಂದೇಹವಿದ್ದಲ್ಲಿ
ಶ್ರೀ ದಸ್ತಗೀರ್ ಅವರನ್ನು ವಿಚಾರಿಸುವುದು,
ಮಾರ್ಚ್ ಮೂವತ್ತೊಂದರೊಳಗೆ.